ಎರಡು ಬೀದಿಗಳ ನಡುವೆ ಒಂದು ಕಾರು

ಬೆಂಗಳೂರಿಗೆ ಬಂದ ನೆಂಟರಿಷ್ಟರಿಗೆ ನಾವು ತೋರಿಸುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಗೊತ್ತಾದದ್ದೇ. ಲಾಲ್‌ಬಾಗು, ವಿಧಾನಸೌಧ, ಬಸವನಗುಡಿಯ ದೊಡ್ಡ ಬಸವಣ್ಣ. ಹೊತ್ತು ಮಿಕ್ಕರೆ ಕಬ್ಬನ್ ಪಾರ್ಕು. ಇಷ್ಟಾದರೆ ಬಂದವರಿಗೂ ತೃಪ್ತಿ, ಕರೆದೊಯ್ದವರಿಗೂ ತೃಪ್ತಿ. ಜಯಚಾಮರಾಜೇಂದ್ರ ರಸ್ತೆಯನ್ನೂ ಸದರ್ ಪತ್ರಪ್ಪ ರಸ್ತೆಯನ್ನೂ ತೋರಿಸುತ್ತೇನೆಂದು ಯಾರೂ ನೆಂಟರನ್ನು ಕರೆದೊಯ್ಯುವುದಿಲ್ಲ. ಕರೆದೊಯ್ದರೆ ಅವರು ಮರುದಿನದ ಬಸ್ಸಿಗೇ ಊರಿಗೆ ಹೊರಟುಬಿಡುವ ಸಂಭವವುಂಟು. ಆದರೂ ಈ ನಗರದ ಜನ ಕೈಯಿಂದ ಏನು ಮಾಡಬಲ್ಲರು ಎಂಬ ಕುತೂಹಲವುಳ್ಳವರು ಒಂದು ದಿನವನ್ನು ಈ ಎರಡು ಬೀದಿಗಳಿಗೆ ಮೀಸಲಿಟ್ಟರೆ ನಷ್ಟವಾಗದು.

ಪುಟ್ಟಣ್ಣ ಚೆಟ್ಟಿ ಪುರಭವನದ ಎದುರು ನಿಂತರೆ ಎರಡೂ ಬೀದಿಗಳು ನಡಿಗೆಯ ದೂರದಲ್ಲಿವೆ. 1935ರಲ್ಲಿ ತೆರೆದ ಈ ಭವನದಿಂದ ಮಿನರ್ವ ವೃತ್ತದ ಕಡೆಗೆ ಹೊರಟದ್ದು ಜಯಚಾಮರಾಜೇಂದ್ರ ರಸ್ತೆ; ಜನರ ಬಾಯಲ್ಲಿ ಜೆ.ಸಿ. ರೋಡು. ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರವೂ ಅದರ ಮಗ್ಗುಲಿನ ಕನ್ನಡ ಭವನವೂ ಇರುವುದು ಇಲ್ಲಿಯೇ. ಆದ್ದರಿಂದ ನನ್ನಂಥ ಕನ್ನಡ ಮೇಷ್ಟ್ರುಗಳು ಈ ರಸ್ತೆಯನ್ನು ನಾಟಕದ ರಸ್ತೆಯೆಂದೂ ಪುಸ್ತಕ ಬಿಡುಗಡೆಯ ರಸ್ತೆಯೆಂದೂ ತಿಳಿದಿರುತ್ತೇವೆ. ಉಳಿದ ಬೆಂಗಳೂರಿಗೆ ಇದು ಮೋಟಾರು ಸಾಮಾನಿನ ರಸ್ತೆ. ಸೀಟಿನ ಹೊದಿಕೆ, ಹಾರನ್ನು, ದೀಪ, ಬ್ರೇಕಿನ ಲೈನರು, ಒಂದು ಕಾರಿಗೆ ಏನೇನು ಬೇಕೋ ಅದೆಲ್ಲ ಸಾಲಾಗಿ ದೊರೆಯುತ್ತದೆ. ಪುರಭವನದಿಂದ ಇತ್ತ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಯ ಸಂದಣಿಯಲ್ಲಿ ಹೊಕ್ಕರೆ ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು. ಇದು ಕಂಪ್ಯೂಟರು ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ಸಂತೆ. ಎಂಟಡಿ ಅಗಲದ ಅಂಗಡಿಯೊಳಗೆ ನೆಲದಿಂದ ಸೂರಿನವರೆಗೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಡಬ್ಬಗಳು. ಯಾವ ಡಬ್ಬದಲ್ಲಿ ಏನಿದೆಯೆಂಬುದು ಅಂಗಡಿಯವನ ತಲೆಯಲ್ಲಿ ಮಾತ್ರ ಬರೆದಿರುತ್ತದೆ.

ಯಂತ್ರವೆಂಬುದು ಈ ಪೇಟೆಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮೊದಲು ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಅಂದಿನಿಂದ ಈ ಸುತ್ತಿನಲ್ಲಿ ತಂತಿ ಎಳೆಯುವವರಿಗೂ ಬೆಸುಗೆ ಹಾಕುವವರಿಗೂ ಬಿಡುವು ಸಿಕ್ಕಂತಿಲ್ಲ.

ಈ ಎರಡು ಬೀದಿಗಳನ್ನು ನಾನು ಒಂದೇ ದಿನ, ಒಂದೇ ಕೆಲಸಕ್ಕಾಗಿ ಸುತ್ತಿದ್ದು 2024ರ ಬೇಸಿಗೆಯಲ್ಲಿ. ನಮ್ಮ ಮಾವನವರಲ್ಲಿ ಒಂದು ಮಾರುತಿ 800 ಇದೆ. 2005ರಲ್ಲಿ ಕೊಂಡದ್ದು. ಮೂರು ಸಿಲಿಂಡರು, 796 ಸಿ.ಸಿ. ಎಂಜಿನು. ಹದಿನೈದು ವರ್ಷ ತುಂಬಿದಾಗ ಒಮ್ಮೆ ನೋಂದಣಿಯನ್ನು ನವೀಕರಿಸಿದ್ದಾಯಿತು. 2025ಕ್ಕೆ ಆ ಐದು ವರ್ಷವೂ ಮುಗಿಯುವುದಿತ್ತು. ಈ ನಡುವೆ ಎಂಜಿನ್ನಿನ ಶಾಖವನ್ನು ತೋರಿಸುವ ಮುಳ್ಳು ಕೆಳಗೆ ಕಚ್ಚಿಕೊಂಡು ನಿಂತಿತ್ತು. ಅದನ್ನೇ ನಂಬಿ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ನೀರು ಕುದಿದು, ಹೆಡ್ ಗ್ಯಾಸ್ಕೆಟ್ ಸುಟ್ಟು, ದುರಸ್ತಿಗೆ ದೊಡ್ಡ ಮೊತ್ತ ತೆರಬೇಕಾಯಿತು. “ಇನ್ನೊಂದು ಸಲ ಹೀಗಾದರೆ ಎಂಜಿನ್ನನ್ನು ಮರೆತುಬಿಡಿ” ಎಂದು ಮೆಕ್ಯಾನಿಕ್ಕು ಹೇಳಿ ಕಳುಹಿಸಿದ. ಮನೆಯಲ್ಲಿ ಸಭೆ ಸೇರಿತು. ನವೀಕರಣದ ಗಡುವು ಬರುವ ಮೊದಲೇ ಗಾಡಿಯನ್ನು ಮಾರಿಬಿಡುವುದೆಂದು ಬಹುಮತ. ಮಾವನವರು ಏನೂ ಹೇಳಲಿಲ್ಲ. ಊಟಕ್ಕೆ ಕುಳಿತವರು ಎರಡನೆಯ ಸಲ ಸಾರು ಹಾಕಿಸಿಕೊಳ್ಳದೆ ಎದ್ದುಹೋದರು. ಅವರ ಎಪ್ಪತ್ತೆರಡರ ವಯಸ್ಸಿನಲ್ಲಿ ಆ ಕಾರೆಂದರೆ ಯಾರನ್ನೂ ಕೇಳದೆ ಹೊರಗೆ ಹೋಗಬಹುದಾದ ಒಂದೇ ದಾರಿಯೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಆಗ ನನ್ನ ಭಾವಮೈದುನ, “ಆರು ತಿಂಗಳು ಅವಕಾಶ ಕೊಡಿ. ಕಾರಿಗೆ ಒಂದು ಕಂಪ್ಯೂಟರ್ ಕೂರಿಸಿ ನೋಡುತ್ತೇನೆ” ಎಂದ. ಅವನು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ತಾನು ಬರೆದದ್ದು ಎಲ್ಲಿ, ಯಾವ ಯಂತ್ರದೊಳಗೆ ನಡೆಯುತ್ತಿದೆಯೆಂದು ಕಣ್ಣಾರೆ ಕಾಣುವ ಯೋಗ ಅವನಿಗೆ ಹತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮುಳ್ಳನ್ನಷ್ಟೇ ಬದಲಿಸಿದರೆ ಸಾಲದೆ ಎಂದು ನಾನು ಕೇಳಿದೆ. “ಮುಳ್ಳು ತೋರಿಸುತ್ತದೆ ಭಾವ, ಕೂಗುವುದಿಲ್ಲ. ಅಪ್ಪ ರಸ್ತೆ ನೋಡುತ್ತಾರೆ, ಮುಳ್ಳು ನೋಡುವುದಿಲ್ಲ” ಎಂದ. ಮಾತು ಸರಿಯೆನಿಸಿತು.

ಕಾರಿನೊಳಗೆ ಕಂಪ್ಯೂಟರನ್ನು ಕೂರಿಸುವ ಹವ್ಯಾಸ ನಮ್ಮ ಮನೆಯಲ್ಲಿ ಹುಟ್ಟಿದ್ದೇನಲ್ಲ. ಅಮೆರಿಕದಲ್ಲಿ 1930ರಲ್ಲಿ ಗ್ಯಾಲ್ವಿನ್ ಕಂಪನಿ ಮೋಟೊರೋಲ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಾಗ ಅದನ್ನು ಕೂರಿಸುವುದೇ ಒಂದು ಸಾಹಸವಾಗಿತ್ತು. 1998ರಲ್ಲಿ ಕ್ಲೇರಿಯನ್ ಕಂಪನಿ ಕಂಪ್ಯೂಟರೇ ಒಳಗಿರುವ ಕಾರು ರೇಡಿಯೋವೊಂದನ್ನು ತಂದಿತು. 2001ರಲ್ಲಿ ತೈವಾನಿನ ವಿಯಾ ಕಂಪನಿ ಹದಿನೇಳು ಸೆಂಟಿಮೀಟರು ಚಚ್ಚೌಕದ ಮಿನಿ ಐ.ಟಿ.ಎಕ್ಸ್. ಎಂಬ ಬೋರ್ಡನ್ನು ರೂಪಿಸಿದ ಮೇಲೆ ಅದನ್ನು ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಹುದುಗಿಸಿ, ಮುಂದೆ ಪರದೆ ಕಟ್ಟಿಕೊಳ್ಳುವ ಹವ್ಯಾಸಿಗಳು ದೇಶದೇಶಗಳಲ್ಲಿ ಹೆಚ್ಚಿದರು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್ಜಿನವರು ಮಕ್ಕಳ ಕಲಿಕೆಗೆಂದು ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಬೋರ್ಡನ್ನು ಮಾರಾಟಕ್ಕೆ ಬಿಟ್ಟರು. 85 ಮಿಲಿಮೀಟರು ಉದ್ದ, 56 ಮಿಲಿಮೀಟರು ಅಗಲ. ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

ಕೈಯಲ್ಲಿ ಕಂಪ್ಯೂಟರಿದ್ದರೆ ಕೆಲಸ ಮುಗಿದಂತೆ ಎಂದು ನಾನು ಎಣಿಸಿದ್ದೆ. ಕಷ್ಟವೆಲ್ಲ ವಿದ್ಯುತ್ತಿನಲ್ಲಿದೆಯೆಂಬುದು ಬೀದಿ ಸುತ್ತತೊಡಗಿದ ಮೇಲೆ ತಿಳಿಯಿತು. ಕಂಪ್ಯೂಟರಿಗೆ ಬೇಕಾದದ್ದು ಏರಿಳಿತವಿಲ್ಲದ 5 ವೋಲ್ಟು. ಕಾರಿನ ಬ್ಯಾಟರಿಗೆ 12 ವೋಲ್ಟಿನದೆಂದು ಹೆಸರೇ ಹೊರತು ಅದು ಒಂದು ಕಡೆ ನಿಲ್ಲುವುದಿಲ್ಲ. ಎಂಜಿನು ಓಡುತ್ತಿರುವಾಗ 14ರ ಆಸುಪಾಸು. ಕೀಲಿ ತಿರುಗಿಸಿ ಸ್ಟಾರ್ಟು ಮಾಡುವ ಗಳಿಗೆಯಲ್ಲಿ 10ಕ್ಕೋ ಅದಕ್ಕೂ ಕೆಳಕ್ಕೋ ಕುಸಿತ. ಇದನ್ನು ತಡೆದುಕೊಂಡು ಹದವಾದ 5 ವೋಲ್ಟನ್ನು ಕೊಡುವ ಕನ್ವರ್ಟರು ಬೇಕು. ಎಸ್.ಪಿ. ರೋಡಿನಲ್ಲಿ ಅದು ಬೆಂಕಿಪೊಟ್ಟಣದಷ್ಟು ಗಾತ್ರದಲ್ಲಿ ಸಿಕ್ಕಿತು.

ಅಲ್ಲಿಯ ಅಂಗಡಿಯೊಂದರಲ್ಲಿ ಕಂಡದ್ದನ್ನು ಹೇಳಬೇಕು. ನಮಗೆ 4700 ಓಮಿನ ಎರಡು ರೆಸಿಸ್ಟರು ಬೇಕಾಗಿದ್ದುವು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ವಸ್ತು. ಅದರ ಮೇಲೆ ಅಂಕಿ ಬರೆಯಲು ಎಡೆಯಿಲ್ಲ. ಆದ್ದರಿಂದ ಬಣ್ಣದ ಪಟ್ಟಿಗಳನ್ನು ಬಳಿದಿರುತ್ತಾರೆ. ಹಳದಿಯೆಂದರೆ 4, ನೇರಳೆಯೆಂದರೆ 7, ಮೂರನೆಯ ಪಟ್ಟಿ ಕೆಂಪಾದರೆ ಮುಂದೆ ಎರಡು ಸೊನ್ನೆ. ಅಂಗಡಿಯ ಹುಡುಗ ಡಬ್ಬಕ್ಕೆ ಕೈಯಿಕ್ಕಿ, ಕನ್ನಡಕವೂ ಇಲ್ಲದೆ ಓದಿ, ಬೇಕಾದುದನ್ನು ಹೆಕ್ಕಿ ಕೊಟ್ಟ. ಶಾಸನದ ಲಿಪಿಯನ್ನು ಭೂತಕನ್ನಡಿ ಹಿಡಿದು ಓದಿಸಿದ ನನ್ನ ಎಂ.ಎ. ತರಗತಿ ನೆನಪಾಯಿತು. “ಎರಡೇ ಸಾಕೆ? ಹತ್ತು ತಗೊಳ್ಳಿ ಸಾರ್, ಎರಡಕ್ಕೆ ಬಿಲ್ ಬರೆಯೋ ಖರ್ಚು ಅದಕ್ಕಿಂತ ಜಾಸ್ತಿ ಆಗುತ್ತೆ” ಎಂದು ನಕ್ಕ. ಹತ್ತು ತೆಗೆದುಕೊಂಡೆವು.

ಶಾಖವನ್ನು ಅಳೆಯಲು ಉಕ್ಕಿನ ಸಣ್ಣ ಟೊಪ್ಪಿಗೆಯೊಳಗೆ ಕೂರಿಸಿದ ಸೆನ್ಸರು ಸಿಗುತ್ತದೆ. ಶೂನ್ಯಕ್ಕಿಂತ 55 ಡಿಗ್ರಿ ಕೆಳಗಿನಿಂದ 125 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಅದು ಹೇಳಬಲ್ಲದು. ರೇಡಿಯೇಟರಿಗೆ ಬಿಸಿನೀರನ್ನು ತರುವ ರಬ್ಬರು ಕೊಳವೆ ಎಂಜಿನ್ನಿಗೆ ಸೇರುವ ಲೋಹದ ಮೂತಿಗೆ ಅದನ್ನು ಬಿಗಿದು ಕಟ್ಟುವುದೆಂದು ಗೊತ್ತುಮಾಡಿದೆವು. ಲೋಹದ ಹೊರಮೈ ಒಳಗಿನ ನೀರಿಗಿಂತ ಕೆಲವು ಡಿಗ್ರಿ ತಂಪಾಗಿರುತ್ತದೆ. ಎಚ್ಚರಿಕೆಯ ಮಿತಿಯನ್ನು ಅದಕ್ಕೆ ತಕ್ಕಂತೆ ಇಳಿಸಿಕೊಂಡರಾಯಿತು.

ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಜೆ.ಸಿ. ರೋಡಿಗೆ ಹೊರಟೆವು. ನಡಿಗೆ ಹತ್ತು ಹದಿನೈದು ನಿಮಿಷದ್ದಾದರೂ ಲೋಕವೇ ಬೇರೆ. ಅಲ್ಲಿ ಮಾತು ಮಿಲಿ ಆಂಪಿಯರಿನಲ್ಲಿ, ಇಲ್ಲಿ ಸುತ್ತಿಗೆ ಸ್ಪಾನರಿನಲ್ಲಿ. ಒಂದು ಅಡ್ಡಬೀದಿಯ ಬಾಯಲ್ಲಿ ಮೋಟಾರು ವೈರಿಂಗ್ ಮಾಡುವ ವೃದ್ಧರೊಬ್ಬರು ಸ್ಟೂಲಿನ ಮೇಲೆ ಕುಳಿತಿದ್ದರು. ನಮ್ಮ ಹುಡುಗ ತನ್ನ ನಕ್ಷೆಯನ್ನು ಅವರ ಮುಂದೆ ಹರವಿದ. ಅವರು ಅದನ್ನು ಓದಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಫ್ಯೂಸ್ ಎಲ್ಲಿ ಹಾಕ್ತೀಯಪ್ಪ?”

“ಬೋರ್ಡಿನ ಹತ್ತಿರ, ಚಾಚಾ.”

“ಅಲ್ಲಿ ಹಾಕಿದರೆ ಬೋರ್ಡ್ ಉಳಿಯುತ್ತೆ, ಗಾಡಿ ಉರಿಯುತ್ತೆ. ದಾರೀಲಿ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಯಾರು ತಡೀತಾರೆ? ಬ್ಯಾಟರಿ ಪಕ್ಕದಲ್ಲೇ ಹಾಕು.”

ಹುಡುಗನ ಮುಖದಲ್ಲಿ ಮೂಡಿದ ಗೌರವವನ್ನು ನಾನು ಅವನ ಕಾಲೇಜಿನ ದಿನಗಳಲ್ಲಿಯೂ ಕಂಡಿರಲಿಲ್ಲ. ಆ ವೃದ್ಧರು ಇನ್ನೂ ಕೆಲವು ಮಾತು ಹೇಳಿದರು. ಕಾರು ರೇಡಿಯೋದ ಹಿಂದೆ ಸಾಮಾನ್ಯವಾಗಿ ಹಳದಿ ತಂತಿಯಲ್ಲಿ ಸದಾ ವಿದ್ಯುತ್ತಿರುತ್ತದೆ, ಕೆಂಪಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ. ಆದರೂ ಬಣ್ಣವನ್ನು ನಂಬದೆ ಮೀಟರು ಹಿಡಿದು ನೋಡು. ಅರ್ಥಿಂಗ್ ಬೋಲ್ಟಿನ ಕೆಳಗೆ ಬಣ್ಣವಿದ್ದರೆ ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹಕ್ಕೆ ಕಟ್ಟು. ಇದಕ್ಕೆ ಅವರು ತೆಗೆದುಕೊಂಡದ್ದು ನಾವು ಕೊಂಡ ಫ್ಯೂಸು ಹೋಲ್ಡರಿನ ಬೆಲೆ ಮಾತ್ರ.

ಉಳಿದ ದೊಡ್ಡ ತೊಡಕು ಕಂಪ್ಯೂಟರನ್ನು ಮಲಗಿಸುವುದು. ಕೀಲಿ ತೆಗೆದೊಡನೆ ವಿದ್ಯುತ್ತನ್ನು ಕಡಿದರೆ ಅರ್ಧ ಬರೆದ ಕಡತ ಅರ್ಧದಲ್ಲೇ ನಿಂತು, ಅದರ ನೆನಪಿನ ಕಾರ್ಡು ಕೆಡಬಹುದು. ಕಡಿಯದೆ ಬಿಟ್ಟರೆ ಬ್ಯಾಟರಿಯಿಂದ 0.3 ಆಂಪಿಯರಿನಂತೆ ಹೀರುತ್ತಾ ದಿನಕ್ಕೆ 7 ಆಂಪಿಯರ್ ಗಂಟೆಯಷ್ಟನ್ನು ಕುಡಿದುಬಿಡುತ್ತದೆ. ಮಾರುತಿಯ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35ರ ಸುಮಾರು. ಮೂರು ನಾಲ್ಕು ದಿನ ಗಾಡಿ ನಿಂತಿದ್ದರೆ ಮುಂದಿನ ಬೆಳಗ್ಗೆ ತಳ್ಳುವವರನ್ನು ಕರೆಯಬೇಕಾದೀತು. ಆದ್ದರಿಂದ ಕೀಲಿ ತೆಗೆದ ಸುದ್ದಿ ಮೊದಲು ಕಂಪ್ಯೂಟರಿಗೆ ಮುಟ್ಟಬೇಕು, ಅದು ತನ್ನ ಕೆಲಸ ಮುಗಿಸಿ ಮಲಗಬೇಕು, ಒಂದು ನಿಮಿಷದ ಮೇಲೆ ರಿಲೇ ತಾನಾಗಿ ವಿದ್ಯುತ್ತನ್ನು ಕಡಿಯಬೇಕು.

ಸುದ್ದಿ ಮುಟ್ಟಿಸುವ ಬಗೆಯೂ ಸೊಗಸಾಗಿದೆ. ಕಾರಿನ 12 ವೋಲ್ಟನ್ನು ನೇರವಾಗಿ ತಾಗಿಸಿದರೆ 3.3 ವೋಲ್ಟಿಗೆ ಹೊಂದಿದ ಆ ಬೋರ್ಡು ಅಲ್ಲಿಗೇ ಸತ್ತಂತೆ. ನಡುವೆ ಆಪ್ಟೋಕಪ್ಲರ್ ಎಂಬ ನಾಲ್ಕು ಕಾಲಿನ ಹುಳುವೊಂದನ್ನು ಇಡುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕನ್ನು ಕಾಣುವ ಕಣ್ಣು. ಕಾರಿನ ಕಡೆ ದೀಪ ಹತ್ತಿದರೆ ಕಂಪ್ಯೂಟರಿನ ಕಡೆ ಕಣ್ಣಿಗೆ ತಿಳಿಯುತ್ತದೆ. ಎರಡರ ನಡುವೆ ತಂತಿಯ ಸಂಬಂಧವಿಲ್ಲ. ಬೆಳಕಿನ ಸಂಬಂಧ ಮಾತ್ರ. ಜೆ.ಸಿ. ರೋಡು ಎಸ್.ಪಿ. ರೋಡಿಗೆ ಹೇಳಿ ಕಳುಹಿಸುವುದು ಹೀಗೆ ಎಂದುಕೊಂಡೆ.

ಇನ್ನು ಎಚ್ಚರಿಕೆಯ ರೂಪ. ಏಳು ಇಂಚಿನ ಪರದೆಯೊಂದನ್ನು ಕೂರಿಸಬೇಕೆಂದು ಹುಡುಗನಿಗೆ ಆಸೆಯಿತ್ತು. ಮಾವನವರು ಒಪ್ಪಲಿಲ್ಲ. “ನಾನು ರಸ್ತೆ ನೋಡಲೋ, ನಿನ್ನ ಸಿನಿಮಾ ನೋಡಲೋ?” ಎಂದರು. ಆದ್ದರಿಂದ ಯಂತ್ರ ಮಾತನಾಡಬೇಕೆಂದಾಯಿತು, ಅದೂ ಕನ್ನಡದಲ್ಲಿ. ಕನ್ನಡದ ಅಕ್ಷರಗಳನ್ನು ಓದಿ ಹೇಳುವ ಉಚಿತ ಸಾಫ್ಟ್‌ವೇರ್ ಇದೆ. ಅದರ ದನಿ ಮಾತ್ರ ಮಡಕೆಯೊಳಗಿಂದ ಬಂದಂತಿತ್ತು. ಮನುಷ್ಯರ ದನಿಯನ್ನೇ ಮುದ್ರಿಸಿಕೊಳ್ಳೋಣವೆಂದರೆ, “ತೊಂಬತ್ತು ಒಂದು ಸಲ, ಒಂದರಿಂದ ಒಂಬತ್ತು ಒಂದೊಂದು ಸಲ ಹೇಳಿಸಿದರೆ ಸಾಕು. ಜೋಡಿಸುವುದು ಯಂತ್ರದ ಕೆಲಸ” ಎಂದು ಹುಡುಗ ಲೆಕ್ಕ ಹಾಕಿದ. ಅದು ಹಿಂದೆಂದೋ ಇಂಗ್ಲಿಷಿಗೆ ಹಾಕಿದ್ದ ಲೆಕ್ಕ. ಕನ್ನಡದಲ್ಲಿ ತೊಂಬತ್ತು, ಆರು ಎಂದು ಬಿಡಿಬಿಡಿಯಾಗಿ ಹೇಳಿದರೆ ಅದು ಸಂಖ್ಯೆಯಾಗದು, ತೊಂಬತ್ತಾರು ಆಗಬೇಕು. ಉಕಾರ ಲೋಪವಾಗಿ ಮುಂದಿನ ಸ್ವರ ಬಂದು ಕೂಡಿಕೊಳ್ಳಬೇಕು. ಯಂತ್ರಕ್ಕೆ ಲೋಪಸಂಧಿ ತಿಳಿಯದಾದ್ದರಿಂದ 40ರಿಂದ 110ರವರೆಗಿನ ಎಪ್ಪತ್ತೊಂದು ಸಂಖ್ಯೆಗಳನ್ನೂ ಇಡಿಯಾಗಿ ಹೇಳಿಸಿ ಮುದ್ರಿಸಬೇಕಾಯಿತು. ಆ ಕೆಲಸದಲ್ಲಿ ನನ್ನ ವ್ಯಾಕರಣಕ್ಕೂ ಒಂದು ಸ್ಥಾನ ದೊರೆಯಿತು.

ಯಾರ ದನಿ? ಅದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಮಾವನವರು ಮರುಮಾತಿಲ್ಲದೆ ಕೇಳುವ ದನಿ ಲೋಕದಲ್ಲಿ ಒಂದೇ. ಅತ್ತೆಯವರು ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು, ಕುಕ್ಕರಿನ ಸೀಟಿ ನಿಂತ ಮೇಲೆ, ಎಪ್ಪತ್ತೊಂದು ಸಂಖ್ಯೆಗಳನ್ನು ಹೇಳಿ, ಕೊನೆಗೆ “ರೀ, ನೀರು ಕಾಯ್ತಿದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ” ಎಂಬ ವಾಕ್ಯವನ್ನೂ ಹೇಳಿದರು.

ಯಂತ್ರವನ್ನು ಪರೀಕ್ಷಿಸಲು ಒಂದು ಏರುದಾರಿ ಬೇಕಿತ್ತು. ಬೆಂಗಳೂರಿನವರಿಗೆ ಹತ್ತಿರದ ಏರುದಾರಿಯೆಂದರೆ ನಂದಿ. ಊರಿಂದ ಸುಮಾರು ಅರುವತ್ತು ಕಿಲೋಮೀಟರು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರು. ಬೆಂಗಳೂರು 920 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಏರಬೇಕಾದದ್ದು ಐನೂರೈವತ್ತು ಮೀಟರಿಗೂ ಮಿಕ್ಕು. ಅದರಲ್ಲಿ ಬಹುಪಾಲು ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ. ಜಂಗುಳಿಯಿಲ್ಲದ ವಾರದ ದಿನವೊಂದರ ಬೆಳಗ್ಗೆ ಹೊರಟೆವು. ಚಕ್ರದ ಮುಂದೆ ಮಾವನವರು, ಪಕ್ಕದಲ್ಲಿ ಮಗ, ಹಿಂದೆ ನಾನು. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟುವವರೆಗೆ ಐದೈದು ನಿಮಿಷಕ್ಕೊಮ್ಮೆ ಅತ್ತೆಯವರು ಡ್ಯಾಶ್‌ಬೋರ್ಡಿನೊಳಗಿಂದ “ಎಂಬತ್ತೆರಡು”, “ಎಂಬತ್ತಮೂರು” ಎಂದು ಸಮಾಧಾನವಾಗಿ ಹೇಳುತ್ತಿದ್ದರು. ದ್ರಾಕ್ಷಿಯ ಚಪ್ಪರಗಳ ನಡುವೆ ಸಾಗಿ ಬೆಟ್ಟದ ಬುಡ ಮುಟ್ಟಿದೆವು. ಗಾಡಿ ಎರಡನೆಯ ಗೇರಿಗೆ ಇಳಿಯಿತು. ತಿರುವಿನ ಮೇಲೆ ತಿರುವು. ಎಂಬತ್ತೆಂಟು. ತೊಂಬತ್ತು. ತೊಂಬತ್ತಮೂರು. ಮಾವನವರ ಬೆನ್ನು ಸೀಟನ್ನು ಬಿಟ್ಟು ಮುಂದಕ್ಕೆ ಬಂದಿತ್ತು. ಆ ಗಾಡಿಯಲ್ಲಿ ಆ ಹೊತ್ತಿಗೆ ರೇಡಿಯೇಟರಿನ ಫ್ಯಾನು ತಿರುಗಬೇಕು. ತಿರುಗುವ ಸದ್ದಿಲ್ಲ.

“ರೀ, ನೀರು ಕಾಯ್ತಿದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ.”

ಮಾವನವರು ಆ ಕ್ಷಣದಲ್ಲೇ ಪಕ್ಕಕ್ಕೆ ತೆಗೆದರು. ತೊಂಬತ್ತಾರು. ಬಾನೆಟ್ ಎತ್ತಿ ಕಾದೆವು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಬಾರದು, ಒತ್ತಡದಲ್ಲಿರುವ ನೀರು ಮುಖಕ್ಕೆ ಎರಚುತ್ತದೆ. ತಣಿದ ಮೇಲೆ ಹುಡುಗ ಫ್ಯಾನಿನ ತಂತಿಗಳನ್ನು ಹಿಡಿದು ಹುಡುಕಿದ. ಜೋಡಣೆಯ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಜೇಬಿನಲ್ಲಿ ಉಳಿದಿದ್ದ ಉಪ್ಪುಕಾಗದದ ತುಂಡಿನಿಂದ ಉಜ್ಜಿ, ಬಿಗಿಯಾಗಿ ಸೇರಿಸಿದ. ಮತ್ತೆ ಸ್ಟಾರ್ಟು ಮಾಡಿ ಸ್ವಲ್ಪ ಹೊತ್ತಿಗೆ ಫ್ಯಾನು ಗಿರ್ರೆಂದು ತಿರುಗಿತು. ಹಿಂದೊಮ್ಮೆ ಗ್ಯಾಸ್ಕೆಟ್ ಸುಟ್ಟದ್ದು ಏಕೆಂಬುದೂ ಆಗ ಊಹೆಗೆ ನಿಲುಕಿತು. ಫ್ಯಾನು ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದ್ದಿರಬೇಕು. ಅದನ್ನು ಹೇಳುವ ಮುಳ್ಳೂ ಸುಮ್ಮನಿತ್ತು. ದೊಡ್ಡ ಬಿಲ್ಲಿನ ದುರಸ್ತಿ ನಡೆದಾಗಲೂ ಆ ಪಿನ್ನನ್ನು ಯಾರೂ ಬಿಚ್ಚಿ ನೋಡಿರಲಿಲ್ಲ.

ಬೆಟ್ಟದ ಮೇಲೆ ಮಂಜು ಕರಗಿ, ಕೆಳಗಿನ ಕೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದುವು. ಮಾವನವರು ಕಾಫಿ ಕುಡಿಯುತ್ತಾ ಮಗನನ್ನು, “ಆ ಮುದುಕರ ಅಂಗಡಿ ಜೆ.ಸಿ. ರೋಡಿನಲ್ಲಿ ಎಲ್ಲಿ ಬರುತ್ತೋ?” ಎಂದು ಕೇಳಿದರು. ಆ ಮನೆಯಲ್ಲಿ ಗಾಡಿ ಮಾರುವ ಮಾತು ಮತ್ತೆ ಕೇಳಿಬರಲಿಲ್ಲ. 2025ರಲ್ಲಿ ನೋಂದಣಿ ಇನ್ನೊಮ್ಮೆ ನವೀಕರಣವಾಯಿತು.

ಇಂದಿನ ಹೊಸ ಕಾರುಗಳಲ್ಲಿ ಕಂಪ್ಯೂಟರುಗಳು ಕಾರ್ಖಾನೆಯಿಂದಲೇ ತುಂಬಿ ಬರುತ್ತವೆ. ನಮ್ಮ ಹುಡುಗ ಮಾಡಿದ್ದಕ್ಕಿಂತ ಅವು ನೂರು ಪಾಲು ಜಾಣ. ಆದರೆ ಅವುಗಳ ಒಳಗನ್ನು ನಾವು ಕಾಣೆವು. ಕೆಟ್ಟರೆ ಇಡೀ ಡಬ್ಬವನ್ನೇ ಬದಲಿಸಿಕೊಡುತ್ತಾರೆ. ಮಾವನವರ ಕಾರಿನಲ್ಲಿರುವ ಒಂದೊಂದು ತಂತಿಯೂ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಯೆಂದು ಆ ಮನೆಯ ಮೂವರು ಹೇಳಬಲ್ಲರು, ಅತ್ತೆಯವರೂ ಸೇರಿ. ಹಾಗೆ ತಿಳಿದುಕೊಳ್ಳಲು ಬೇಕಾದ ಪಾಠ ಶಾಲೆಯಲ್ಲಿ ಅರ್ಧ ಸಿಗುತ್ತದೆ. ಉಳಿದರ್ಧ ಸ್ಟೂಲಿನ ಮೇಲೆ ಕುಳಿತ ಒಬ್ಬ ವೃದ್ಧರ ಬಳಿ, ಬಣ್ಣದ ಪಟ್ಟಿಯನ್ನು ಓದುವ ಒಬ್ಬ ಹುಡುಗನ ಬಳಿ ಇದೆ. ಬಿಡಿಭಾಗಗಳ ಪೊಟ್ಟಣ ಮನೆಬಾಗಿಲಿಗೇ ಬಂದು ಬೀಳುವ ಈ ಕಾಲದಲ್ಲಿ ಅವರ ಬಳಿಗೆ ಹೋಗುವ ಅಗತ್ಯವಿಲ್ಲವೆಂದು ನಮಗೆ ತೋರಬಹುದು. ಪೊಟ್ಟಣದೊಳಗೆ ಫ್ಯೂಸು ಬರುತ್ತದೆ, ನಿಜ. ಅದನ್ನು ಎಲ್ಲಿ ಹಾಕಬೇಕೆಂಬ ಮಾತು ಬರುವುದಿಲ್ಲ.